ಮೀಟರಿನ ಹಿಂಬದಿ

ಮಕ್ಕಳೇ, ಕಾರಿನಲ್ಲಿ ಸ್ಟೀರಿಂಗ್ ಚಕ್ರದ ಹಿಂದೆ ಒಂದು ಗಾಜಿನ ಪೆಟ್ಟಿಗೆ ಇರುತ್ತದಲ್ಲ, ವೇಗ ತೋರಿಸುವ ಮುಳ್ಳು, ಪೆಟ್ರೋಲ್ ತೋರಿಸುವ ಮುಳ್ಳು, ಕೆಂಪು ಹಸಿರು ದೀಪಗಳು, ಅದರ ಹಿಂದೆ ಏನಿರುತ್ತದೆ ಎಂದು ಎಂದಾದರೂ ಯೋಚಿಸಿದ್ದೀರಾ? ಈಗಿನ ಕಾರುಗಳಲ್ಲಿ ಅಲ್ಲಿರುವುದು ಒಂದು ಸಣ್ಣ ಕಂಪ್ಯೂಟರ್. ಅದನ್ನು ಬಿಚ್ಚಿದರೂ ನೋಡಲು ಏನೂ ಸಿಗದು. ನಿಮ್ಮ ಅಜ್ಜ ಅಜ್ಜಿಯರ ಕಾಲದ ಕಾರುಗಳಲ್ಲಿ ಹಾಗಲ್ಲ. ಒಂದು ತಂತಿ, ಒಂದು ಕಾಂತ, ಕೂದಲೆಳೆಯಂಥ ಸ್ಪ್ರಿಂಗ್, ಕೆಲವು ಹಲ್ಲುಚಕ್ರ, ನಾಲ್ಕಾರು ಬಲ್ಬು. ಕಣ್ಣಿಗೆ ಕಾಣುವ, ಬೆರಳಿಗೆ ಸಿಗುವ ಸಾಮಾನು. ಅದನ್ನು ಡ್ಯಾಶ್‌ಬೋರ್ಡಿನಿಂದ ಹೊರಗೆ ತೆಗೆದ ಕತೆಯನ್ನೇ ಈ ವಾರ ಹೇಳುತ್ತೇನೆ.

ಕಾರು ಮಾರುತಿ 800. ಇದರ ಮೊದಲ ಕಾರಿನ ಕೀಲಿಕೈಯನ್ನು 1983ರ ಡಿಸೆಂಬರ್ 14ರಂದು ಪ್ರಧಾನಿ ಇಂದಿರಾ ಗಾಂಧಿಯವರು ದೆಹಲಿಯ ಹರಪಾಲ್ ಸಿಂಗ್ ಎಂಬುವರ ಕೈಗಿತ್ತರು. ಕಾರ್ಖಾನೆ ಈ ಕಾರನ್ನು ಮಾಡುವುದನ್ನು ನಿಲ್ಲಿಸಿದ್ದು 2014ರಲ್ಲಿ. ಮೂವತ್ತು ವರ್ಷ! ಇದನ್ನು ಓದುತ್ತಿರುವ ತಾತಂದಿರಲ್ಲಿ ಅನೇಕರು ಮೊದಲು ಕಾರು ಕಲಿತದ್ದು ಇದರಲ್ಲೇ ಇರಬೇಕು.

ನಾನು ಹೇಳುತ್ತಿರುವ ಕಾರು ನನ್ನದಲ್ಲ, ವಿರೂಪಾಪುರಗಡ್ಡೆಯ ನನ್ನ ಗೆಳೆಯನದು. ಊರ ಹೆಸರು ಕೇಳಿ ನನ್ನ ಮೊಮ್ಮಗಳು ಮೊದಲ ಸಲ, 'ಆಲೂಗಡ್ಡೆ ಥರಾನಾ ತಾತಾ?' ಎಂದಿದ್ದಳು. ಬೆಂಗಳೂರಿನಲ್ಲಿ ಬೆಳೆದ ಹುಡುಗಿ. ಈ ಗಡ್ಡೆ ಅಂದರೆ ನಡುಗಡ್ಡೆ. ಸುತ್ತ ತುಂಗಭದ್ರೆ, ಒಳಗೆ ಭತ್ತದ ಗದ್ದೆ, ಬಾಳೆತೋಟ, ಎತ್ತ ನೋಡಿದರೂ ಗುಂಡುಗಲ್ಲು. ಗಂಗಾವತಿ ತಾಲ್ಲೂಕು, ಕೊಪ್ಪಳ ಜಿಲ್ಲೆ. ಎದುರು ದಡದಲ್ಲಿ ಹಂಪಿಯ ವಿರೂಪಾಕ್ಷ ದೇವರ ಗೋಪುರ ಕೈ ಚಾಚಿದರೆ ಸಿಗುವಷ್ಟು ಹತ್ತಿರ ಕಾಣುತ್ತದೆ. ದೋಣಿಯಲ್ಲಿ ಐದು ನಿಮಿಷ. ಆದರೆ ಮಳೆಗಾಲದಲ್ಲಿ ಜಲಾಶಯದಿಂದ ನೀರು ಬಿಟ್ಟರೆ ದೋಣಿಯೂ ಇಲ್ಲ, ಹರಿಗೋಲೂ ಇಲ್ಲ. ಆನೆಗೊಂದಿಯ ಹತ್ತಿರ ಕಟ್ಟುತ್ತಿದ್ದ ಸೇತುವೆ 2009ರ ಜನವರಿಯಲ್ಲಿ ಕುಸಿದುಬಿತ್ತು. ಆ ದಿನಗಳಲ್ಲಿ ಅದೇ ಗೋಪುರದ ಬುಡಕ್ಕೆ ರಸ್ತೆಯ ಮೇಲೆ ಹೋಗಬೇಕೆಂದರೆ ಸುಮಾರು 40 ಕಿಲೋಮೀಟರ್ ಸುತ್ತು. ಈಗ ಕಡೆಬಾಗಿಲು ಬುಕ್ಕಸಾಗರದ ನಡುವೆ ಸೇತುವೆ ಆಗಿ ದಾರಿ ಕಡಿಮೆಯಾಗಿದೆ.

ಇದನ್ನು ಹೇಳಿದ್ದು ಏಕೆಂದರೆ, ಆ ಸುತ್ತು ದಾರಿಯೇ ನನ್ನ ಗೆಳೆಯನ ಕಾರಿಗೆ ಕೆಲಸ ಕೊಟ್ಟದ್ದು. ಗಡ್ಡೆಯಲ್ಲಿ ಪ್ರವಾಸಿಗಳು ತಂಗುವ ರೆಸಾರ್ಟುಗಳಿದ್ದ ಕಾಲ ಅದು. ಗೆಳೆಯ ಬೆಳಗ್ಗೆ ಗದ್ದೆ ನೋಡಿಕೊಂಡು, ಮಧ್ಯಾಹ್ನ ಅತಿಥಿಗಳನ್ನು ಹೊಸಪೇಟೆಯ ರೈಲು ನಿಲ್ದಾಣಕ್ಕೋ ಗಂಗಾವತಿಗೋ ಬಿಟ್ಟು ಬರುತ್ತಿದ್ದ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಬಂತು, ಮಾರ್ಚಿನಲ್ಲಿ ಆ ಕಟ್ಟಡಗಳನ್ನೆಲ್ಲ ತೆಗೆದರು. ಅದರ ಹಿಂದೆಯೇ ಕೊರೊನಾ. ಕಾರು ಬೇವಿನ ಮರದ ಕೆಳಗೆ ನಿಂತಿತು. ತಿಂಗಳಿಗೊಂದು ಸಲ ಸ್ಟಾರ್ಟ್ ಮಾಡಿ ಅಂಗಳದಲ್ಲಿ ಒಂದು ಸುತ್ತು ಹೊಡೆಸುವುದು, ಅಷ್ಟೇ.

ಈ ಬೇಸಿಗೆಯಲ್ಲಿ ಅವನ ಪಂಪ್‌ಸೆಟ್ಟಿನ ಮೋಟಾರು ಸುಟ್ಟಿತು. ನಾಟಿಗೆ ಮೊದಲು ಅದು ರಿಪೇರಿ ಆಗಲೇಬೇಕು. ಕಾರು ಮಾರಿಬಿಡೋಣ ಎಂದ. 1998ರ ಗಾಡಿ, ಕೆಎ 37 ನಂಬರು. ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ, ಹಾಗಾಗಿ ಈ ಜಿಲ್ಲೆಯ ಮೊದಮೊದಲ ಗಾಡಿಗಳಲ್ಲಿ ಇದೂ ಒಂದು. ಎಂಜಿನ್ ಚೆನ್ನಾಗಿದೆ. ಆದರೆ ಸ್ಪೀಡೋಮೀಟರಿನ ಮುಳ್ಳು ಸೊನ್ನೆಯ ಮೇಲೆ ಮಲಗಿ ವರ್ಷಗಳಾಗಿವೆ. ನೋಂದಣಿ ನವೀಕರಿಸುವಾಗ ತಪಾಸಣೆ ಇರುತ್ತದೆ, ಕೊಳ್ಳುವವರು ಮೊದಲು ನೋಡುವುದೇ ಅದನ್ನು. 'ನಿಮಗ ಇಂಥಾವು ಬಿಚ್ಚೋದು ಗೊತ್ತೈತಲ್ರಿ, ಬರ್ರಿ' ಎಂದು ಫೋನು ಮಾಡಿದ. ರಜೆಗೆ ಬಂದಿದ್ದ ಮೊಮ್ಮಗಳನ್ನೂ ಕರೆದುಕೊಂಡು ಹೋದೆ. ಎಂಟನೆಯ ತರಗತಿ ಮುಗಿಸಿದವಳು. ಅವಳ ಬೆರಳು ಸಣ್ಣವು, ನನ್ನವು ಈಗ ಸ್ವಲ್ಪ ನಡುಗುತ್ತವೆ. ಈ ಕೆಲಸಕ್ಕೆ ಸಣ್ಣ ಬೆರಳೇ ಬೇಕು.

ಬೇಕಾದ ಸಾಮಾನು ಹೆಚ್ಚಿಲ್ಲ. ಒಂದು ಪ್ಲಸ್ ಸ್ಕ್ರೂಡ್ರೈವರ್, ಬ್ಯಾಟರಿಯ ನಟ್ಟಿಗೆ 10ರ ಸ್ಪ್ಯಾನರ್, ಒಂದು ಹಳೆಯ ಟವೆಲ್, ಸ್ಕ್ರೂ ಹಾಕಿಡಲು ಸ್ಟೀಲಿನ ತಟ್ಟೆ. ಮೊಬೈಲ್ ಇದ್ದರೆ ಪ್ರತಿ ಹಂತಕ್ಕೂ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಯಾವ ತಂತಿ ಎಲ್ಲಿತ್ತು ಎಂದು ಸಂಜೆ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಮೊದಲ ಕೆಲಸ ಡ್ಯಾಶ್‌ಬೋರ್ಡಿನದಲ್ಲ, ಬ್ಯಾಟರಿಯದು. ಮೈನಸ್ ಗುರುತಿನ ತಂತಿಯನ್ನು ಬಿಚ್ಚಿ ಪಕ್ಕಕ್ಕೆ ಸರಿಸಬೇಕು. ಮೀಟರಿನ ಹಿಂದೆ ಬರಿಯ ತಾಮ್ರದ ಗೆರೆಗಳಿರುತ್ತವೆ, ಸ್ಕ್ರೂಡ್ರೈವರ್ ತಾಗಿ ಕಿಡಿ ಹಾರಿದರೆ ಫ್ಯೂಸು ಹೋಗಬಹುದು, ತಂತಿಯೇ ಸುಡಬಹುದು. ಇನ್ನೊಂದು ಮಾತು. ಇದೆಲ್ಲ ಹಳೆಯ ಕಾರಿಗೆ ಮಾತ್ರ. ಏರ್‌ಬ್ಯಾಗ್ ಇರುವ ಕಾರಿನ ಸ್ಟೀರಿಂಗಿನ ಹತ್ತಿರ ಸ್ಕ್ರೂಡ್ರೈವರ್ ಹಿಡಿದು ಹೋಗಬೇಡಿ, ಅದು ಕಲಿತವರ ಕೆಲಸ. ಹಳೆಯ ಕಾರಾದರೂ ಮಕ್ಕಳು ಒಬ್ಬರೇ ಕೈ ಹಾಕಬಾರದು. ದೊಡ್ಡವರು ಜೊತೆಗಿರಲಿ.

ಸ್ಟೀರಿಂಗಿನ ಕೊರಳ ಮೇಲೆ ಟವೆಲ್ ಹಾಸಿದೆವು, ಮೀಟರಿನ ಗಾಜು ಉಜ್ಜದಿರಲಿ ಎಂದು. ಮೀಟರಿನ ಸುತ್ತ ಹುಬ್ಬಿನಂತೆ ಒಂದು ಪ್ಲಾಸ್ಟಿಕ್ ಚೌಕಟ್ಟು. ಅದರ ಸ್ಕ್ರೂಗಳು ಹುಬ್ಬಿನ ಅಡಿಯಲ್ಲಿ ಅಡಗಿರುತ್ತವೆ, ತಲೆ ಬಗ್ಗಿಸಿ ನೋಡಿದರೆ ಕಾಣುತ್ತವೆ. ಅವನ್ನು ತೆಗೆದು ಚೌಕಟ್ಟನ್ನು ಮೆಲ್ಲಗೆ ನಮ್ಮ ಕಡೆಗೆ ಎಳೆಯಬೇಕು. ಇಪ್ಪತ್ತೈದು ವರ್ಷ ಕೊಪ್ಪಳದ ಬಿಸಿಲು ತಿಂದ ಪ್ಲಾಸ್ಟಿಕ್ ಹಪ್ಪಳದಂತಾಗಿರುತ್ತದೆ, ಬಲ ಹಾಕಿದರೆ ಮುರಿದೇ ಮುರಿಯುತ್ತದೆ. 'ಬರುತ್ತಿಲ್ಲ' ಎಂದಳು ಮೊಮ್ಮಗಳು. ಬರದಿದ್ದರೆ ಎಲ್ಲೋ ಇನ್ನೊಂದು ಸ್ಕ್ರೂ ಉಳಿದಿದೆ ಎಂದರ್ಥ. ಹುಡುಕಿದಳು, ಇತ್ತು.

ಚೌಕಟ್ಟು ಬಂದ ಮೇಲೆ ಮೀಟರಿನ ಪೆಟ್ಟಿಗೆಯದೇ ಸ್ಕ್ರೂಗಳು. ಅವೂ ಬಂದವು, ಆದರೆ ಪೆಟ್ಟಿಗೆ ನಾಲ್ಕು ಬೆರಳು ಮುಂದೆ ಬಂದು ನಿಂತಿತು. ಹಿಂದಿನಿಂದ ಯಾರೋ ಹಿಡಿದಿದ್ದಾರೆ! ಹಿಡಿದದ್ದು ಸ್ಪೀಡೋಮೀಟರ್ ಕೇಬಲ್. ಗೇರ್ ಬಾಕ್ಸಿನಿಂದ ಹೊರಟು, ಎಂಜಿನ್ ಗೋಡೆಯ ತೂತಿನಿಂದ ನುಗ್ಗಿ ಮೀಟರಿನ ಬೆನ್ನಿಗೆ ಬಂದು ಸೇರುವ ಕಪ್ಪು ಕೊಳವೆ ಅದು. ಗೆಳೆಯ ಬಾನೆಟ್ ತೆಗೆದು ಆ ಕಡೆಯಿಂದ ಕೇಬಲನ್ನು ಸ್ವಲ್ಪ ಒಳಗೆ ತಳ್ಳಿದ. ಆಗ ಕೈ ತೂರಿಸಲು ಜಾಗವಾಯಿತು. ಮೊಮ್ಮಗಳು ಹಿಂದೆ ಬೆರಳು ಹಾಕಿ, ಕಣ್ಣು ಮುಚ್ಚಿ, ಕೊಕ್ಕೆಯನ್ನು ಒತ್ತಿದಳು. ಟಕ್ ಎಂದಿತು. ಮಿಕ್ಕದ್ದು ತಂತಿಗಳ ಕನೆಕ್ಟರುಗಳು. ತಂತಿ ಹಿಡಿದು ಎಳೆಯಬಾರದು, ಕನೆಕ್ಟರಿನ ಮೈ ಹಿಡಿದು ಕೊಂಡಿ ಒತ್ತಿ ಎಳೆಯಬೇಕು.

ಪೆಟ್ಟಿಗೆ ಹೊರಗೆ ಬಂತು. ಮರದ ಕೆಳಗಿನ ಹೊರಸಿನ ಮೇಲೆ ಮಲಗಿಸಿ ಬೆನ್ನು ತಿರುಗಿಸಿದೆವು. ತೆಳ್ಳನೆಯ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ರಂಗೋಲಿ ಎಳೆಯಂತೆ ತಾಮ್ರದ ಗೆರೆಗಳು. ಆ ಗೆರೆಗಳೇ ಇಲ್ಲಿ ತಂತಿ. ಹಾಳೆ ಹರಿದರೆ ಒಂದೊಂದು ಗೆರೆಗೆ ಒಂದೊಂದು ದೀಪ ಹೋಯಿತು. ಬಲ್ಬುಗಳನ್ನು ಕಾಲು ಸುತ್ತು ತಿರುಗಿಸಿದರೆ ಕೈಗೆ ಬರುತ್ತವೆ. ಎರಡು ಸುಟ್ಟಿದ್ದವು, ಅದರಲ್ಲೊಂದು ಎಂಜಿನ್ ಆಯಿಲ್ ಒತ್ತಡದ ಕೆಂಪು ದೀಪದ್ದು. ಇದು ಚಿಕ್ಕ ವಿಷಯವಲ್ಲ. ಆಯಿಲ್ ಒತ್ತಡ ಇಳಿದಾಗ 'ನಿಲ್ಲಿಸು' ಎಂದು ಕೂಗುವ ದೀಪವೇ ಅದು. ಕೂಗುವವನೇ ಸತ್ತಿದ್ದರೆ ಎಂಜಿನ್ ಒಣಗಿ ಹಿಡಿದುಕೊಳ್ಳುವವರೆಗೂ ನಮಗೆ ತಿಳಿಯುವುದಿಲ್ಲ. ನಿಮ್ಮ ಮನೆಯ ಕಾರಿನಲ್ಲಿ ಕೀಲಿ ತಿರುಗಿಸಿದಾಗ, ಎಂಜಿನ್ ಶುರುವಾಗುವ ಮೊದಲು, ಆ ದೀಪ ಉರಿಯುತ್ತದೆಯೇ ಎಂದು ಅಪ್ಪನಿಗೋ ಅಮ್ಮನಿಗೋ ನೋಡಲು ಹೇಳಿ. ಉರಿದು, ಎಂಜಿನ್ ಓಡತೊಡಗಿದ ಮೇಲೆ ಆರಬೇಕು.

ಈಗ ಮುಳ್ಳಿನ ವಿಷಯ. ಕಾರು ಓಡುವಾಗ ಗೇರ್ ಬಾಕ್ಸಿನಲ್ಲಿ ಒಂದು ಹಲ್ಲುಚಕ್ರ ಆ ಕೇಬಲಿನ ಒಳಗಿನ ತಂತಿಯನ್ನು ತಿರುಗಿಸುತ್ತದೆ. ಹೊರಗಿನ ಕೊಳವೆ ಸುಮ್ಮನಿರುತ್ತದೆ, ಒಳಗಿನದು ಗಿರಗಿರ ತಿರುಗುತ್ತದೆ. ಜಪಾನಿನ ಮಾನದಂಡದಲ್ಲಿ ಒಂದು ಕಿಲೋಮೀಟರಿಗೆ 637 ಸುತ್ತು. ತಂತಿಯ ತುದಿ ಮೀಟರಿನೊಳಗೆ ಒಂದು ಕಾಂತವನ್ನು ತಿರುಗಿಸುತ್ತದೆ. ಕಾಂತದ ಸುತ್ತ ಅಲ್ಯೂಮಿನಿಯಂ ಬಟ್ಟಲು, ಬಟ್ಟಲಿಗೆ ಮುಳ್ಳು ಅಂಟಿದೆ. ಸ್ವಾರಸ್ಯ ಏನೆಂದರೆ ಕಾಂತಕ್ಕೂ ಬಟ್ಟಲಿಗೂ ಎಲ್ಲೂ ತಾಗುವುದೇ ಇಲ್ಲ! ಅಲ್ಯೂಮಿನಿಯಮ್ಮನ್ನು ಕಾಂತ ಹಿಡಿಯುವುದೂ ಇಲ್ಲ. ಮತ್ತೆ ಮುಳ್ಳು ಏಳುವುದು ಹೇಗೆ?

ನದಿಯಲ್ಲಿ ಹರಿಗೋಲು ಹೋಗುವಾಗ ಹುಟ್ಟಿನ ಹಿಂದೆ ಸಣ್ಣ ಸುಳಿಗಳು ಏಳುವುದನ್ನು ನೋಡಿದ್ದೀರಲ್ಲ. ಕಾಂತ ತಿರುಗಿದಾಗ ಬಟ್ಟಲಿನ ಲೋಹದಲ್ಲಿ ಅಂಥವೇ ವಿದ್ಯುತ್ತಿನ ಸುಳಿಗಳು ಏಳುತ್ತವೆ. ಆ ಸುಳಿಗಳಿಗೆ ತಮ್ಮದೇ ಕಾಂತಗುಣ ಬರುತ್ತದೆ, ಬಟ್ಟಲು ಕಾಂತದ ಹಿಂದೆ ಎಳೆದುಕೊಂಡು ಹೋಗುತ್ತದೆ. ಕೂದಲೆಳೆಯ ಸ್ಪ್ರಿಂಗ್ ಅದನ್ನು ಹಿಂದಕ್ಕೆ ಜಗ್ಗುತ್ತದೆ. ವೇಗ ಹೆಚ್ಚಿದಷ್ಟೂ ಎಳೆತ ಹೆಚ್ಚು, ಮುಳ್ಳು ಅಷ್ಟು ದೂರ ಹೋಗಿ ನಿಲ್ಲುತ್ತದೆ. ಇದನ್ನು ಕಂಡುಹಿಡಿದು 1902ರಲ್ಲಿ ಪೇಟೆಂಟ್ ಪಡೆದವನು ಒಟ್ಟೊ ಶುಲ್ಟ್ಸ ಎಂಬ ಜರ್ಮನ್. ಮನೆಯಲ್ಲೇ ನೋಡಬೇಕಾದರೆ, ಒಂದು ಮಾರುದ್ದದ ತಾಮ್ರದ ಅಥವಾ ಅಲ್ಯೂಮಿನಿಯಂ ಕೊಳವೆ ತಂದು, ಅದನ್ನು ನೆಟ್ಟಗೆ ಹಿಡಿದು, ಒಳಗೆ ಸಡಿಲವಾಗಿ ಹಿಡಿಸುವಂಥ ಬಲವಾದ ಕಾಂತದ ಗುಂಡನ್ನು ಮೇಲಿನಿಂದ ಬಿಡಿ. ಅಷ್ಟೇ ದಪ್ಪದ ಕಬ್ಬಿಣದ ಗುಂಡು ಸರ್ರನೆ ಬೀಳುತ್ತದೆ. ಕಾಂತದ ಗುಂಡು ಜೇನುತುಪ್ಪದಲ್ಲಿ ಇಳಿಯುವಂತೆ ನಿಧಾನಕ್ಕೆ ಇಳಿಯುತ್ತದೆ. ಅದೇ ಸುಳಿ. ಅಂದಹಾಗೆ ತೀರ ಚಿಕ್ಕ ಮಕ್ಕಳ ಕೈಗೆ ಈ ಕಾಂತ ಸಿಗಬಾರದು, ನುಂಗಿದರೆ ಅಪಾಯ.

ಮುಳ್ಳೂ ಓಡುತ್ತಿಲ್ಲ, ಕಿಲೋಮೀಟರ್ ಅಂಕಿಗಳೂ ಓಡುತ್ತಿಲ್ಲ ಎಂದರೆ ತಪ್ಪು ಸಾಮಾನ್ಯವಾಗಿ ಮೀಟರಿನದಲ್ಲ, ಕೇಬಲಿನದು. ಮೊಮ್ಮಗಳು ಮೀಟರಿನ ಬೆನ್ನಿನ ಚೌಕ ತೂತಿಗೆ ಹೊಂದುವಂತೆ ಕಡ್ಡಿಯೊಂದನ್ನು ಕೆತ್ತಿ ತಿರುಗಿಸಿದಳು. ಮುಳ್ಳು ಕದಲಿತು. ಮೀಟರ್ ಬದುಕಿದೆ! ಗೆಳೆಯ ಕೇಬಲಿನ ತಂತಿ ಎಳೆದ. ಅರ್ಧವೇ ಕೈಗೆ ಬಂತು. ಮಿಕ್ಕರ್ಧ ಕೊಳವೆಯೊಳಗೇ ತುಂಡಾಗಿ ಕೂತಿತ್ತು. ಗಂಗಾವತಿಯಿಂದ ಹೊಸ ಕೇಬಲ್ ತರಲು ಹುಡುಗನನ್ನು ಕಳಿಸಿದೆವು.

ಅವನು ಬರುವವರೆಗೆ ಅಂಕಿಗಳ ಚಕ್ರ ನೋಡುತ್ತ ಕೂತೆವು. ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನಿಗೆ ಇದರಷ್ಟು ಇಷ್ಟವಾದ ಯಂತ್ರ ಇನ್ನೊಂದಿಲ್ಲ. ಸಾಲಾಗಿ ಚಕ್ರಗಳು, ಒಂದೊಂದರ ಮೇಲೂ ಸೊನ್ನೆಯಿಂದ ಒಂಬತ್ತು. ಬಲಗಡೆಯ ಚಕ್ರ ಒಂದು ಪೂರ್ತಿ ಸುತ್ತು ಮುಗಿಸಿ ಸೊನ್ನೆಗೆ ಬರುವಾಗ ಎಡಗಡೆಯ ಚಕ್ರಕ್ಕೆ ಒಂದು ಹಲ್ಲಿನಿಂದ ತಟ್ಟುತ್ತದೆ, ಅದು ಒಂದಂಕಿ ಮುಂದೆ ಹೋಗುತ್ತದೆ. ಕೂಡುವ ಲೆಕ್ಕದಲ್ಲಿ 'ದಶಕ ಒಂದು' ಎಂದು ನಾವು ತಲೆಯ ಮೇಲೆ ಬರೆಯುವುದು ಇದನ್ನೇ. ಎಡಗಡೆಯ ಕೊನೆಯ ಚಕ್ರ ಒಂದು ಸುತ್ತು ಬರಲು ಕಾರು ಒಂದು ಲಕ್ಷ ಕಿಲೋಮೀಟರ್ ಓಡಬೇಕು. ಅಷ್ಟರಲ್ಲಿ ಕೇಬಲ್ ಎಷ್ಟು ಸುತ್ತು ತಿರುಗಿರುತ್ತದೆ? ಮೊಮ್ಮಗಳು ಬಾಯಲ್ಲೇ ಹೇಳಿದಳು. 6,37,00,000.

ದೂರ ಎಣಿಸುವ ಯಂತ್ರ ಹೊಸದೇನಲ್ಲ. ಎರಡು ಸಾವಿರ ವರ್ಷಗಳ ಹಿಂದೆ ರೋಮಿನ ವಿಟ್ರೂವಿಯಸ್ ಎಂಬ ವಾಸ್ತುಶಿಲ್ಪಿ ತನ್ನ ಗ್ರಂಥದಲ್ಲಿ ಇಂಥದೊಂದನ್ನು ವಿವರಿಸಿದ್ದಾನೆ. ಗಾಡಿಯ ಗಾಲಿ 400 ಸುತ್ತು ಬಂದಾಗ ಒಂದು ರೋಮನ್ ಮೈಲಿ. ಆಗ ಹಲ್ಲುಚಕ್ರದ ತೂತಿನಿಂದ ಒಂದು ಕಲ್ಲು ಕೆಳಗಿನ ಪಾತ್ರೆಗೆ ಠಣ್ ಎಂದು ಬೀಳುತ್ತದೆ. ಸಂಜೆ ಕಲ್ಲು ಎಣಿಸಿದರೆ ದಾರಿಯ ಲೆಕ್ಕ.

ನಮ್ಮ ಮೀಟರ್ ನಿಂತಿದ್ದದ್ದು 86,412ರ ಮೇಲೆ.

ಅಷ್ಟು ಹೊತ್ತಿಗೆ ಕಾರು ಮಾರಿಸಿಕೊಡುತ್ತೇನೆಂದಿದ್ದ ದಲ್ಲಾಳಿ ಬೈಕಿನಲ್ಲಿ ಬಂದ. ಹೊರಸಿನ ಮೇಲೆ ಬಿಚ್ಚಿಟ್ಟ ಮೀಟರ್ ನೋಡಿ ಅವನಿಗೆ ಬಹಳ ಖುಷಿಯಾಯಿತು. 'ಹೆಂಗೂ ಹೊರಗ ಬಂದೈತಿ, ನಲವತ್ತಾರು ಸಾವಿರ ಮಾಡಿಬಿಡ್ರಿ ಸಾಹೇಬ್ರ. ಐದಾರು ಸಾವಿರ ರೂಪಾಯಿ ಮ್ಯಾಲ ಸಿಗ್ತೈತಿ. ಎಲ್ಲಾರೂ ಮಾಡ್ತಾರ' ಎಂದ. ಗೆಳೆಯ ಏನೂ ಹೇಳಲಿಲ್ಲ. ಐದಾರು ಸಾವಿರ ಎಂದರೆ ಅವನ ಮೋಟಾರಿನ ಖರ್ಚಿನಲ್ಲಿ ದೊಡ್ಡ ಪಾಲು. ನಾನೂ ಬಾಯಿ ಬಿಡಲಿಲ್ಲ, ಗಾಡಿ ಅವನದು. ಮೊಮ್ಮಗಳು ಮಾತ್ರ, 'ಐದೇ ಚಕ್ರ ಇವೆಯಲ್ಲ ತಾತಾ, 99,999 ಆದಮೇಲೆ ಏನಾಗುತ್ತದೆ?' ಎಂದಳು.

ಒಳ್ಳೆಯ ಪ್ರಶ್ನೆ. ಮತ್ತೆ 00000. ಎಷ್ಟನೆಯ ಸುತ್ತು ಎಂದು ಈ ಲೆಡ್ಜರಿನಲ್ಲಿ ಬರೆದಿರುವುದಿಲ್ಲ. ಹಾಗಾದರೆ ನಮ್ಮ 86,412 ನಿಜವಾಗಿ ಎಷ್ಟು?

ಗೆಳೆಯ ಒಳಗೆ ಹೋಗಿ ಎರಡು ವಸ್ತು ತಂದ. ಒಂದು, ಆಯಿಲ್ ಬದಲಿಸಿದಾಗ ವರ್ಕ್‌ಶಾಪಿನವರು ಕೊಟ್ಟ ಚೀಟಿಗಳ ಕಟ್ಟು. 2006ರ ಚೀಟಿಯಲ್ಲಿ 98,700 ಎಂದಿತ್ತು, ಮರುವರ್ಷದ್ದರಲ್ಲಿ 4,150. ಅಂದರೆ ಒಂದು ಲಕ್ಷ ದಾಟಿದೆ. ಮೀಟರ್ ನಿಂತಾಗ ಕಾರು ಓಡಿದ್ದು 1,86,412. ಎರಡನೆಯದು ಪೆಟ್ರೋಲ್ ಪುಸ್ತಕ. ಅತಿಥಿಗಳ ಹತ್ತಿರ ಪೆಟ್ರೋಲ್ ಲೆಕ್ಕ ಕೇಳಬೇಕಾಗಿದ್ದರಿಂದ ಪ್ರತಿ ಸಲ ತಾರೀಖು, ಲೀಟರ್ ಬರೆದಿದ್ದ. ಮೀಟರ್ ಸರಿಯಿದ್ದ ಕಾಲದ ಪುಟಗಳಲ್ಲಿ ಕಿಲೋಮೀಟರೂ ಇತ್ತು. ಭಾಗಿಸಿದರೆ ಲೀಟರಿಗೆ 16 ಬಂತು. ಕೇಬಲ್ ತುಂಡಾದ ಮೇಲಿನ ಲೀಟರುಗಳನ್ನೆಲ್ಲ ಮೊಮ್ಮಗಳೂ ನಾನೂ ಬೇರೆ ಬೇರೆ ಕೂಡಿದೆವು, ಹಳೆಯ ಅಭ್ಯಾಸ. ಇಬ್ಬರಿಗೂ 1,240. ಹದಿನಾರರಿಂದ ಗುಣಿಸಿದರೆ 19,840. ಒಟ್ಟು 2,06,252, ಹೆಚ್ಚುಕಡಿಮೆ ಎರಡು ಲಕ್ಷದ ಆರು ಸಾವಿರ.

ದಲ್ಲಾಳಿ ನಕ್ಕ. 'ಅಷ್ಟು ಹೇಳಿದ್ರ ಯಾರ್ ತಗೋತಾರ್ರೀ?'

ದೊಡ್ಡವರಿಗೆ ಇಲ್ಲೊಂದು ಮಾತು. ಮೀಟರಿನ ಅಂಕಿ ಬರೀ ಬೆಲೆಯ ವಿಷಯವಲ್ಲ. ಈ ಎಂಜಿನ್ನಿನೊಳಗೆ ಟೈಮಿಂಗ್ ಬೆಲ್ಟ್ ಎಂಬ ರಬ್ಬರಿನ ಪಟ್ಟಿ ಇದೆ. ಅದನ್ನು ಬದಲಿಸುವುದು ಕಿಲೋಮೀಟರ್ ನೋಡಿ. ಮೀಟರ್ ಕಡಿಮೆ ತೋರಿಸಿದರೆ ಹೊಸ ಮಾಲೀಕ ಇನ್ನೂ ಕಾಲವಿದೆ ಎಂದುಕೊಳ್ಳುತ್ತಾನೆ, ಬೆಲ್ಟ್ ಒಂದು ರಾತ್ರಿ ನಡುದಾರಿಯಲ್ಲಿ ತುಂಡಾಗುತ್ತದೆ. ಬ್ರೇಕಿನ ರಬ್ಬರುಗಳೂ ಹಾಗೆಯೇ. ಹಳೆಯ ಕಾರು ಕೊಳ್ಳುವವರು ಅಂಕಿ ನೋಡುವ ಮುಂಚೆ ಪೆಡಲಿನ ರಬ್ಬರ್ ನೋಡಿ, ಸ್ಟೀರಿಂಗ್ ಹಿಡಿಯುವ ಜಾಗ ನುಣುಪಾಗಿದೆಯೇ ನೋಡಿ, ಚಾಲಕನ ಸೀಟು ಕುಸಿದಿದೆಯೇ ನೋಡಿ. ಮೀಟರಿನ ಸುತ್ತಲ ಸ್ಕ್ರೂಗಳ ತಲೆ ಸವೆದಿದ್ದರೆ ಯಾಕೆ ಬಿಚ್ಚಿದ್ದಿರಿ ಎಂದು ಕೇಳಿ. ಇವರ ಕಾರಿನ ಪೆಡಲುಗಳ ಮೇಲೆ ಒಂದೂ ಗೆರೆ ಉಳಿದಿರಲಿಲ್ಲ. ನಲವತ್ತಾರು ಸಾವಿರ ಎಂದರೆ ನಂಬುವವರು ಯಾರು ಎಂದು ನಾನು ಕೇಳಿದ್ದು ಅಷ್ಟೇ.

ಗೆಳೆಯ ಬೀಡಿ ಮುಗಿಸಿ ಎದ್ದ. 'ಬ್ಯಾಡ ಬಿಡ್ರಿ. ತಗೊಂಡಾಂವ ಹೆಂಡ್ರು ಮಕ್ಕಳ್ನ ಕೂಡಿಸಿಕೊಂಡು ಹೊಂಟಿರ್ತಾನ' ಎಂದ. ದಲ್ಲಾಳಿ ಚಹಾ ಕುಡಿದು ಹೋದ.

ಹೊಸ ಕೇಬಲ್ ಬಂತು. ಒಳತಂತಿಗೆ ತೆಳ್ಳಗೆ ಗ್ರೀಸ್ ಸವರಿದೆವು, ಮೀಟರ್ ಕಡೆಯ ಒಂದು ಗೇಣು ಬಿಟ್ಟು. ಅಲ್ಲಿಗೂ ಸವರಿದರೆ ಗ್ರೀಸ್ ಮೆಲ್ಲಗೆ ಮೇಲೇರಿ ಬಟ್ಟಲಿನೊಳಗೆ ಹೋಗಿ ಮುಳ್ಳು ಅಂಟುತ್ತದೆ. ಕೊಳವೆಯನ್ನು ಎಲ್ಲೂ ಚೂಪಾಗಿ ಮಡಿಸದೆ ಅಗಲವಾದ ತಿರುವಿನಲ್ಲಿ ತಂದೆವು. ಹಳೆಯದು ತುಂಡಾಗಿದ್ದು ಅಂಥ ಮಡಿಕೆಯಲ್ಲೇ. ಎರಡು ಬಲ್ಬು ಹಾಕಿ, ಫೋಟೋ ನೋಡುತ್ತ ಕನೆಕ್ಟರುಗಳನ್ನು ಸೇರಿಸಿ, ಬಿಚ್ಚಿದ ಕ್ರಮಕ್ಕೆ ತಿರುಗುಮುರುಗಾಗಿ ಎಲ್ಲವನ್ನೂ ಜೋಡಿಸಿದೆವು. ತಟ್ಟೆಯಲ್ಲಿ ಸ್ಕ್ರೂ ಉಳಿಯಲಿಲ್ಲ. ಕೊನೆಗೆ ಬ್ಯಾಟರಿಯ ತಂತಿ.

ಆನೆಗೊಂದಿಯ ಕಡೆಗೆ ಹೊರಟೆವು. ಮುಳ್ಳು ಮೊದಲು ಸ್ವಲ್ಪ ನಡುಗಿತು, ಆಮೇಲೆ ಮೂವತ್ತು, ನಲವತ್ತು. ಹಿಂದಿನ ಸೀಟಿನಿಂದ ಇಬ್ಬರ ನಡುವೆ ತಲೆ ತೂರಿಸಿ ಕೂತಿದ್ದ ಮೊಮ್ಮಗಳು 86,413 ಬಂದಾಗ ಎಷ್ಟು ಜೋರಾಗಿ ಕೂಗಿದಳೆಂದರೆ ಗೆಳೆಯ ಬ್ರೇಕ್ ಹಾಕಿಬಿಟ್ಟ.

ಕಾರನ್ನು ಕೊಂಡವರು ಕುಷ್ಟಗಿ ಕಡೆಯ ಒಬ್ಬ ಮೇಷ್ಟ್ರು. ಕೇಳಿದ್ದಕ್ಕಿಂತ ನಾಲ್ಕು ಸಾವಿರ ಕಡಿಮೆ ಕೊಟ್ಟರು. ಮೋಟಾರು ಕಟ್ಟಿದವನಿಗೆ ಉಳಿದ ಬಾಕಿಯನ್ನು ಸುಗ್ಗಿಗೆ ಕೊಡುತ್ತೇನೆಂದು ಗೆಳೆಯ ಒಪ್ಪಿಸಿದ್ದಾನೆ. ಮೀಟರ್ ಎಷ್ಟರಲ್ಲಿ ನಿಂತಿತ್ತು, ಯಾವಾಗ ಕೇಬಲ್ ಹಾಕಿದ್ದು, ನಮ್ಮ ಅಂದಾಜು ಎಷ್ಟು, ಹೇಗೆ ಬಂತು ಎಂದು ಮೊಮ್ಮಗಳು ನೋಟ್‌ಬುಕ್ಕಿನ ಒಂದು ಹಾಳೆಯಲ್ಲಿ ದುಂಡಾಗಿ ಬರೆದು ಆಯಿಲ್ ಚೀಟಿಗಳ ಜೊತೆ ಡ್ಯಾಶ್‌ಬೋರ್ಡಿನ ಖಾನೆಯಲ್ಲಿ ಇಟ್ಟಳು. ಮೇಷ್ಟ್ರು ಅದನ್ನು ಎರಡು ಸಲ ಓದಿ, ಸೀದಾ ಗ್ಯಾರೇಜಿಗೆ ಹೋಗಿ ಬೆಲ್ಟ್ ಬದಲಿಸಿಕೊಂಡೇ ಊರಿಗೆ ಹೋದರಂತೆ.